ತಿಮಿಂಗಿಲ ನೋಡಲು ಯಾವ ದೋಣಿ ಹತ್ತಬೇಕು?

ಪ್ರಶ್ನೆ: ಮುಂದಿನ ರಜೆಯಲ್ಲಿ ಕಡಲತೀರದ ಊರೊಂದಕ್ಕೆ ಹೋಗುವ ಯೋಜನೆಯಿದೆ. ಅಲ್ಲಿಂದ ದೋಣಿಯಲ್ಲಿ ಕರೆದೊಯ್ದು ತಿಮಿಂಗಿಲಗಳನ್ನು ತೋರಿಸುತ್ತಾರೆಂದು ತಿಳಿಯಿತು. ಹೋದರೆ ಖಂಡಿತ ಕಾಣಿಸುತ್ತವೆಯೇ? ದೊಡ್ಡ ಹಡಗು ಒಳ್ಳೆಯದೋ, ವೇಗವಾಗಿ ಹೋಗುವ ಸಣ್ಣ ದೋಣಿಯೋ? ನನಗೆ ಅಲೆಗಳ ತೂಗಾಟ ಒಗ್ಗುವುದಿಲ್ಲ. ಜೊತೆಗೆ ಏಳು ವರ್ಷದ ಮಗಳಿರುತ್ತಾಳೆ. ಇಷ್ಟು ಜನ ಹೀಗೆ ಹತ್ತಿರ ಹೋಗುವುದರಿಂದ ಆ ಪ್ರಾಣಿಗಳಿಗೆ ತೊಂದರೆಯಾಗುವುದಿಲ್ಲವೇ ಎಂಬ ಅಳುಕೂ ಇದೆ.

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಯಾವ ದೋಣಿಯನ್ನು ಆರಿಸಬೇಕು ಎಂಬುದು ಮಾತ್ರವಲ್ಲ, ಎಷ್ಟು ಚೆನ್ನಾಗಿ ಕಾಣಿಸೀತು ಎಂಬುದೂ ಬಹುಮಟ್ಟಿಗೆ ಅದರ ಉತ್ತರವನ್ನೇ ಅವಲಂಬಿಸಿದೆ.

ದೋಣಿಗಳಿಂದ ತಿಮಿಂಗಿಲಗಳಿಗೆ ತೊಂದರೆಯಾಗುವುದು ನಿಜ. ಆದರೆ ಅದರ ಪ್ರಮಾಣವನ್ನು ನಿರ್ಧರಿಸುವುದು ದೋಣಿ ಎಷ್ಟು ಹತ್ತಿರ ಬಂದಿತು ಎಂಬುದೊಂದೇ ಅಲ್ಲ. ಯಾವ ದಿಕ್ಕಿನಿಂದ, ಎಷ್ಟು ವೇಗದಲ್ಲಿ, ಎಷ್ಟು ಸದ್ದು ಮಾಡುತ್ತ ಬಂದಿತು ಎಂಬುದೂ ಅಷ್ಟೇ ಮುಖ್ಯ. ಸಮುದ್ರದಲ್ಲಿ ಕಣ್ಣು ಕೆಲವು ಹತ್ತು ಮೀಟರುಗಳಾಚೆಗೆ ಹೆಚ್ಚು ಕೆಲಸಕ್ಕೆ ಬಾರದು. ಶಬ್ದವಾದರೋ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ, ಅಂದರೆ ಗಾಳಿಯಲ್ಲಿ ಚಲಿಸುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಬೇಗ, ಬಹಳ ದೂರ ಸಾಗುತ್ತದೆ. ಸಂಗಾತಿಯನ್ನು ಹುಡುಕುವುದು, ಮರಿಯೊಡನೆ ಸಂಪರ್ಕದಲ್ಲಿರುವುದು, ಸ್ಪರ್ಮ್ ತಿಮಿಂಗಿಲದಂಥ ಹಲ್ಲುಳ್ಳ ಜಾತಿಗಳಲ್ಲಿ ಆಹಾರ ಹುಡುಕುವುದು ಕೂಡ ಶಬ್ದದಿಂದಲೇ. ಹೀಗಿರುವಾಗ ದೋಣಿಯೊಂದು ಪೂರ್ಣ ವೇಗದಲ್ಲಿ ನೇರವಾಗಿ ನುಗ್ಗಿದರೆ, ಹಿಂದಿನಿಂದ ಅಟ್ಟಿದರೆ ಅಥವಾ ಮುಂದೆ ಹೋಗಿ ಅಡ್ಡಗಟ್ಟಿದರೆ, ತಿಮಿಂಗಿಲ ಮೇಲ್ಮೈಯಲ್ಲಿರುವ ಸಮಯವನ್ನು ಕಡಿಮೆ ಮಾಡುತ್ತದೆ, ದಿಕ್ಕು ಬದಲಿಸುತ್ತದೆ, ಹೆಚ್ಚು ಹೊತ್ತು ಮುಳುಗಿರುತ್ತದೆ. ಮರಿಯಿರುವ ತಾಯಿಯ ವಿಷಯದಲ್ಲಿ ಇದು ಇನ್ನೂ ಗಂಭೀರವಾಗುತ್ತದೆ. ಹಂಪ್‌ಬ್ಯಾಕ್ ಎಂದು ಹೆಸರಾದ ಗೂನುಬೆನ್ನಿನ ತಿಮಿಂಗಿಲಗಳು ಮರಿಹಾಕಲು ಬೆಚ್ಚನೆಯ ಸಮುದ್ರಗಳಿಗೆ ಬಂದಾಗ ತಿಂಗಳುಗಟ್ಟಲೆ ಬಹುತೇಕ ಏನನ್ನೂ ತಿನ್ನದೆ, ಧ್ರುವದ ಕಡೆಯ ತಣ್ಣನೆಯ ನೀರಿನಲ್ಲಿ ಕೂಡಿಸಿಕೊಂಡ ಕೊಬ್ಬಿನಿಂದಲೇ ಬದುಕಿ, ಅದರಿಂದಲೇ ಮರಿಗೆ ಹಾಲೂಡಿಸುತ್ತವೆ. ವಿಶ್ರಾಂತಿಯಲ್ಲಿರುವ ಅಂಥ ತಾಯಿಯನ್ನು ಪದೇ ಪದೇ ಎಬ್ಬಿಸಿ ಓಡಿಸಿದರೆ ಖರ್ಚಾಗುವುದು ಮರಿಗೆ ಸಲ್ಲಬೇಕಾದ ಶಕ್ತಿ. ಒಂದು ದೋಣಿ ಒಮ್ಮೆ ಮಾಡುವ ಗದ್ದಲ ದೊಡ್ಡದಲ್ಲ. ಋತುವಿಡೀ, ಬೆಳಗಿನಿಂದ ಸಂಜೆಯವರೆಗೆ ಒಂದರ ಹಿಂದೊಂದು ದೋಣಿ ಬರುವ ಕಡೆ ಅದು ದೊಡ್ಡದಾಗುತ್ತದೆ.

ಅದೇ ದೋಣಿ ದೂರದಲ್ಲೇ ವೇಗ ತಗ್ಗಿಸಿ, ಪ್ರಾಣಿಯ ಪಕ್ಕದ ದಿಕ್ಕಿನಿಂದ ನಿಧಾನವಾಗಿ ಸಮೀಪಿಸಿ, ಅದು ಹೋಗುತ್ತಿರುವ ದಾರಿಗೆ ಸಮಾನಾಂತರವಾಗಿ ಸಾಗಿದರೆ, ತಿಮಿಂಗಿಲ ತನ್ನ ಪಾಡಿಗೆ ತಾನಿರುತ್ತದೆ. ಗಾಬರಿಯಿಲ್ಲದ ಪ್ರಾಣಿ ಮೇಲ್ಮೈಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಮುಳುಗಿದರೂ ಅಲ್ಲೇ ಸುತ್ತಮುತ್ತ ಏಳುತ್ತದೆ, ಕೆಲವೊಮ್ಮೆ ತಾನಾಗಿಯೇ ದೋಣಿಯ ಬಳಿಗೆ ಬರುವುದೂ ಉಂಟು. ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದ ಸ್ಯಾನ್ ಇಗ್ನಾಸಿಯೊ ಹಿನ್ನೀರಿನಲ್ಲಿ ಬೂದು ತಿಮಿಂಗಿಲಗಳು ಮರಿಗಳೊಂದಿಗೆ ಸಣ್ಣ ದೋಣಿಗಳ ಪಕ್ಕಕ್ಕೇ ಬರುತ್ತವೆ; ಹಿಂದೆ ಬೇಟೆಗಾರರ ದೋಣಿಗಳ ಮೇಲೆ ತಿರುಗಿಬೀಳುತ್ತಿದ್ದ ಕಾರಣಕ್ಕೆ ದೆವ್ವದ ಮೀನು ಎಂಬ ಹೆಸರು ಪಡೆದಿದ್ದ ಜಾತಿಯೇ ಇದು. ಆದ್ದರಿಂದ ತಿಮಿಂಗಿಲಕ್ಕೆ ಕಡಿಮೆ ತೊಂದರೆ ಕೊಡುವ ದೋಣಿಯೇ ನೋಡುವವರಿಗೂ ಹೆಚ್ಚು ತೋರಿಸುವ ದೋಣಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಅಳುಕನ್ನು ಪ್ರವಾಸ ಕೈಬಿಡುವ ಕಾರಣವಾಗಿಸುವ ಬದಲು ದೋಣಿಯನ್ನು ಆರಿಸುವ ಅಳತೆಗೋಲಾಗಿ ಮಾಡಿಕೊಳ್ಳಿ.

ಈ ಅಳತೆಗೋಲಿಗೆ ಹಲವು ದೇಶಗಳ ನಿಯಮಗಳು ಆಧಾರವಾಗುತ್ತವೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಮಾರ್ಗಸೂಚಿಯಂತೆ ದೋಣಿಗಳು ತಿಮಿಂಗಿಲಕ್ಕೆ 100 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ. 300 ಮೀಟರ್ ಒಳಗಿನದು ಎಚ್ಚರಿಕೆಯ ವಲಯ, ಅಲ್ಲಿ ಹಿಂದೆ ಅಲೆಯೇಳದಷ್ಟು ನಿಧಾನವಾಗಿ ಚಲಿಸಬೇಕು, ಏಕಕಾಲಕ್ಕೆ ಮೂರಕ್ಕಿಂತ ಹೆಚ್ಚು ದೋಣಿಗಳು ಇರಬಾರದು, ಮರಿಯಿದ್ದರೆ ಆ ವಲಯವನ್ನೇ ಪ್ರವೇಶಿಸಬಾರದು. ನ್ಯೂಜಿಲೆಂಡಿನಲ್ಲಿ ಸಾಮಾನ್ಯ ಅಂತರ 50 ಮೀಟರ್, ಮರಿಯೊಂದಿಗಿರುವ ತಾಯಿಗೆ 200 ಮೀಟರ್. ಅಮೆರಿಕದಲ್ಲಿ ಹವಾಯಿಯ ಹಂಪ್‌ಬ್ಯಾಕ್‌ಗಳಿಂದ 100 ಗಜ ದೂರವಿರಬೇಕು. ಅಳಿವಿನ ಅಂಚಿನಲ್ಲಿರುವ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲದಿಂದಾದರೆ 500 ಗಜ. ಅಂಕಿಗಳು ದೇಶದಿಂದ ದೇಶಕ್ಕೆ ಬದಲಾದರೂ ತತ್ತ್ವ ಒಂದೇ: ಉಳಿದ ಕೊನೆಯ ಅಂತರವನ್ನು ಕಡಿಮೆ ಮಾಡುವ ಆಯ್ಕೆ ದೋಣಿಯದಲ್ಲ, ತಿಮಿಂಗಿಲದ್ದು. ಅದು ತಾನಾಗಿ ಬಂದರೆ ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿಟ್ಟು ಕಾಯುವುದಷ್ಟೇ ಚಾಲಕನ ಕೆಲಸ.

ಟಿಕೆಟ್ ಕಾಯ್ದಿರಿಸುವ ಮುನ್ನ ಸಂಸ್ಥೆಗೆ ಫೋನ್ ಮಾಡಿ ಅಥವಾ ಬರೆದು ಕೇಳಿ: ನೀವು ಎಷ್ಟು ದೂರದಲ್ಲಿ ನಿಲ್ಲುತ್ತೀರಿ, ಒಂದು ಪ್ರಾಣಿಯ ಬಳಿ ಎಷ್ಟು ಹೊತ್ತು ಇರುತ್ತೀರಿ, ಬೇರೆ ದೋಣಿಗಳು ಮೊದಲೇ ಅಲ್ಲಿದ್ದರೆ ಏನು ಮಾಡುತ್ತೀರಿ, ದೋಣಿಯಲ್ಲಿ ಪ್ರಾಣಿಶಾಸ್ತ್ರ ಬಲ್ಲ ಮಾರ್ಗದರ್ಶಕರು ಇರುತ್ತಾರೆಯೇ, ಪರವಾನಗಿ ಕೊಟ್ಟವರು ಯಾರು. ಈ ಕೆಲಸವನ್ನು ಸರಿಯಾಗಿ ಮಾಡುವವರು ಇಂಥ ಪ್ರಶ್ನೆಗಳಿಗೆ ಉತ್ಸಾಹದಿಂದ ಉತ್ತರಿಸುತ್ತಾರೆ; ತಡವರಿಸುವವರನ್ನು ಬಿಟ್ಟು ಮುಂದೆ ಹೋಗಬಹುದು. ಜಾಹೀರಾತಿನ ಚಿತ್ರಗಳೂ ಬಹಳಷ್ಟನ್ನು ಹೇಳುತ್ತವೆ. ದೋಣಿಯ ಮೂತಿಗೆ ತಾಗುವಂತೆ ತಿಮಿಂಗಿಲವಿರುವ, ಅದರ ಸುತ್ತ ಹತ್ತಾರು ದೋಣಿಗಳು ವರ್ತುಲಗಟ್ಟಿರುವ ಚಿತ್ರವನ್ನು ಹೆಮ್ಮೆಯಿಂದ ಹಾಕಿಕೊಂಡವರು ತಮ್ಮ ಕೆಲಸದ ರೀತಿಯನ್ನೇ ಪ್ರಕಟಿಸಿದ್ದಾರೆ. ‘ಮುಟ್ಟಿಸುತ್ತೇವೆ’, ‘ನೂರಕ್ಕೆ ನೂರು ತೋರಿಸುತ್ತೇವೆ’ ಎಂಬ ಭರವಸೆಗಳನ್ನೂ ಅನುಮಾನದಿಂದಲೇ ನೋಡಿ. ಕಾಣಿಸದಿದ್ದರೆ ಇನ್ನೊಂದು ದಿನ ಉಚಿತವಾಗಿ ಕರೆದೊಯ್ಯುತ್ತೇವೆ ಎಂಬ ಭರವಸೆ ಬೇರೆ ಬಗೆಯದು. ಅನೇಕ ಒಳ್ಳೆಯ ಸಂಸ್ಥೆಗಳು ಅದನ್ನು ಕೊಡುತ್ತವೆ, ಮತ್ತು ಅಂಥ ಭರವಸೆಯಿರುವಾಗ ಹೇಗಾದರೂ ಮಾಡಿ ಇಂದೇ ತೋರಿಸಬೇಕೆಂಬ ಒತ್ತಡ ಚಾಲಕನ ಮೇಲಿರುವುದಿಲ್ಲ.

ಇನ್ನು ದೊಡ್ಡದೋ ಸಣ್ಣದೋ ಎಂಬ ಪ್ರಶ್ನೆ. ಗಾಳಿ ತುಂಬಿದ ಅಂಚಿನ ವೇಗದೋಣಿಯಲ್ಲಿ ನೀರಿಗೆ ಬಹಳ ಹತ್ತಿರ ಕೂತಿರುತ್ತೀರಿ, ಪ್ರಾಣಿಯ ಗಾತ್ರ ಮೈಗೆ ತಟ್ಟುವಂತೆ ಅನುಭವಕ್ಕೆ ಬರುತ್ತದೆ. ಆದರೆ ಪ್ರತಿ ಅಲೆಯ ಹೊಡೆತವೂ ಬೆನ್ನುಮೂಳೆಗೆ ಬೀಳುತ್ತದೆ, ಶೌಚಾಲಯವಿರುವುದಿಲ್ಲ, ನೆರಳೂ ಇರುವುದಿಲ್ಲ. ಗರ್ಭಿಣಿಯರು, ಬೆನ್ನುನೋವಿನವರು, ಸಣ್ಣ ಮಕ್ಕಳು ಇದನ್ನು ಹತ್ತದಿರುವುದೇ ಸರಿ, ಮತ್ತು ಅನೇಕ ಸಂಸ್ಥೆಗಳು ಅವರನ್ನು ಹತ್ತಿಸಿಕೊಳ್ಳುವುದೂ ಇಲ್ಲ. ದೊಡ್ಡ ಹಡಗಿನಲ್ಲಿ ತೂಗಾಟ ಕಡಿಮೆ, ಒಳಗೆ ಹೋಗಿ ಕೂರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಮೇಲಂತಸ್ತಿನಿಂದ ದೂರದವರೆಗೆ ಕಾಣಿಸುತ್ತದೆ, ನೀರಿನೊಳಗಿನ ಮೈಯ ಆಕಾರವೂ ಮೇಲಿನಿಂದ ಚೆನ್ನಾಗಿ ತಿಳಿಯುತ್ತದೆ. ನೀವು ಹೇಳಿದ ಪರಿಸ್ಥಿತಿಯಲ್ಲಿ ಎರಡಂತಸ್ತಿನ ಹಡಗನ್ನೇ ಆರಿಸಿ. ಈ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ.

ಖಂಡಿತ ಕಾಣಿಸುತ್ತವೆಯೇ ಎಂಬುದಕ್ಕೆ ಬರುತ್ತೇನೆ. ಖಂಡಿತ ಎಂಬ ಮಾತು ಸಮುದ್ರದಲ್ಲಿ ಇಲ್ಲ. ಆದರೆ ಸರಿಯಾದ ಋತುವಿನಲ್ಲಿ ಸರಿಯಾದ ಜಾಗಕ್ಕೆ ಹೋದವರು ನಿರಾಶರಾಗುವುದು ಅಪರೂಪ. ಬಹುಪಾಲು ದೊಡ್ಡ ತಿಮಿಂಗಿಲಗಳು ಬೇಸಿಗೆಯಲ್ಲಿ ತಣ್ಣನೆಯ, ಆಹಾರ ಸಮೃದ್ಧವಾದ ಸಮುದ್ರಗಳಲ್ಲಿ ಮೇಯುತ್ತವೆ, ಚಳಿಗಾಲದಲ್ಲಿ ಬೆಚ್ಚನೆಯ ನೀರಿಗೆ ಬಂದು ಮರಿಹಾಕುತ್ತವೆ. ಈ ವಾರ್ಷಿಕ ಪಯಣದಿಂದಾಗಿ ಒಂದೇ ಬಂದರಿನಲ್ಲಿ ಒಂದು ತಿಂಗಳು ತುಂಬಿತುಳುಕುವ ಸಮುದ್ರ ಇನ್ನೊಂದು ತಿಂಗಳು ಖಾಲಿಯಿರುತ್ತದೆ. ಹವಾಯಿಯಲ್ಲಿ ಹಂಪ್‌ಬ್ಯಾಕ್‌ಗಳಿಗೆ ಜನವರಿಯಿಂದ ಮಾರ್ಚ್ ಉಚ್ಛ್ರಾಯ ಕಾಲ; ಬಾಹಾದ ಬೂದು ತಿಮಿಂಗಿಲಗಳಿಗೂ ಸುಮಾರಾಗಿ ಅದೇ. ದಕ್ಷಿಣ ಆಫ್ರಿಕಾದ ಹರ್ಮನಸ್ ತೀರಕ್ಕೆ ದಕ್ಷಿಣದ ರೈಟ್ ತಿಮಿಂಗಿಲಗಳು ಜೂನ್‌ನಿಂದ ನವೆಂಬರ್‌ವರೆಗೆ ಬರುತ್ತವೆ. ಐಸ್‌ಲ್ಯಾಂಡಿನ ಹೂಸಾವಿಕ್‌ನಂಥ ಬಂದರುಗಳಲ್ಲಿ ಬೇಸಿಗೆಯೇ ಋತು, ಏಕೆಂದರೆ ಅದು ಮೇಯುವ ಜಾಗ. ಶ್ರೀಲಂಕಾದ ಮಿರಿಸ್ಸ ತೀರದಾಚೆ ನೀಲಿ ತಿಮಿಂಗಿಲಗಳನ್ನು ನೋಡಲು ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಆಮೇಲೆ ನೈಋತ್ಯ ಮುಂಗಾರು ಆ ಕಡಲನ್ನು ಕದಡುತ್ತದೆ. ಅಲ್ಲಿ ತೀರದ ಹತ್ತಿರವೇ ಆಳವಾದ ನೀರಿರುವುದು ತಿಮಿಂಗಿಲಗಳನ್ನು ಸೆಳೆಯುತ್ತದೆ. ಆದರೆ ಸರಕು ಹಡಗುಗಳ ದಟ್ಟ ಮಾರ್ಗವೂ ಅಲ್ಲೇ ಹಾದುಹೋಗುವುದರಿಂದ ಡಿಕ್ಕಿಯ ಅಪಾಯವಿದೆ, ಪ್ರವಾಸಿ ದೋಣಿಗಳ ದಟ್ಟಣೆಯೂ ಸೇರಿಕೊಂಡಿದೆ. ಅಂಥ ಜಾಗಕ್ಕೆ ಹೋಗುವವರಿಗೆ ಮೇಲೆ ಹೇಳಿದ ಪ್ರಶ್ನೆಗಳು ಇನ್ನಷ್ಟು ಅಗತ್ಯ.

ವರ್ಷವಿಡೀ ತಿಮಿಂಗಿಲ ಸಿಗುವ ಕೆಲವು ಜಾಗಗಳೂ ಇವೆ. ನ್ಯೂಜಿಲೆಂಡಿನ ಕೈಕೋರಾದಲ್ಲಿ ತೀರದಿಂದ ಸ್ವಲ್ಪ ದೂರದಲ್ಲೇ ಸಮುದ್ರತಳ ಸಾವಿರ ಮೀಟರಿಗೂ ಆಳವಾದ ಕಣಿವೆಯಾಗಿ ಕುಸಿಯುತ್ತದೆ. ಆ ಕಣಿವೆಯಲ್ಲಿ ಬೇಟೆಯಾಡುವ ಗಂಡು ಸ್ಪರ್ಮ್ ತಿಮಿಂಗಿಲಗಳು ವಲಸೆಯ ಋತುವಿಗೆ ಕಟ್ಟುಬಿದ್ದಿಲ್ಲ. ಅಲ್ಲಿಯ ದೋಣಿಗಳು ನೀರೊಳಗಿನ ಮೈಕ್ರೋಫೋನನ್ನು ಇಳಿಬಿಟ್ಟು, ಕೆಳಗೆ ಬೇಟೆಯಾಡುತ್ತಿರುವ ಪ್ರಾಣಿ ಹೊರಡಿಸುವ ಟಿಕ್ ಟಿಕ್ ಸದ್ದನ್ನು ಆಲಿಸುತ್ತವೆ. ಸದ್ದು ನಿಂತರೆ ಅದು ಮೇಲೇರುತ್ತಿದೆ ಎಂದು ಅರ್ಥ.

ದೋಣಿಯಲ್ಲಿ ಕೂತ ಮೇಲೆ ಏನನ್ನು ನೋಡಬೇಕೆಂದು ತಿಳಿದವರಿಗೆ ತಿಳಿಯದವರಿಗಿಂತ ಎಷ್ಟೋ ಪಟ್ಟು ಹೆಚ್ಚು ಕಾಣಿಸುತ್ತದೆ. ಎಲ್ಲರೂ ನಿರೀಕ್ಷಿಸುವುದು ಇಡೀ ಮೈಯನ್ನು ಗಾಳಿಗೆ ಚಿಮ್ಮಿಸುವ ನೆಗೆತವನ್ನು. ಆದರೆ ಬಹುತೇಕ ಪ್ರವಾಸಗಳಲ್ಲಿ ಮೊದಲು ಕಾಣುವುದು ಕ್ಷಿತಿಜದ ಬಳಿ ಒಂದೆರಡು ಸೆಕೆಂಡು ನಿಂತು ಕರಗುವ ಬಿಳಿಯ ಉಸಿರು. ಅದು ನೀರಿನ ಕಾರಂಜಿಯಲ್ಲ. ರಭಸದಿಂದ ಹೊರಬಿದ್ದ ನಿಶ್ವಾಸದ ತೇವ, ಚಳಿಯ ಮುಂಜಾನೆ ನಮ್ಮ ಬಾಯಿಂದ ಹೊಮ್ಮುವ ಹಬೆಯಂತೆ, ಹನಿಗಟ್ಟಿ ಕಾಣಿಸುತ್ತದೆ. ಮೂಗಿನ ಹೊಳ್ಳೆಯ ಮೇಲೆ ನಿಂತಿದ್ದ ಸ್ವಲ್ಪ ನೀರೂ ಅದರೊಂದಿಗೆ ಸಿಡಿಯುತ್ತದೆ. ಅದರ ಆಕಾರದಿಂದಲೇ ಜಾತಿಯನ್ನು ಊಹಿಸಬಹುದು. ನೀಲಿ ತಿಮಿಂಗಿಲದ ಉಸಿರು ಕಂಬದಂತೆ ನೆಟ್ಟಗೆ ಒಂಬತ್ತು ಮೀಟರಿನವರೆಗೂ ಏರುತ್ತದೆ. ಹಂಪ್‌ಬ್ಯಾಕ್‌ನದು ಗಿಡ್ಡ, ಪೊದೆಯಂತೆ ಹರಡಿದ್ದು. ರೈಟ್ ತಿಮಿಂಗಿಲದ ಎರಡು ಹೊಳ್ಳೆಗಳು ದೂರದೂರವಿರುವುದರಿಂದ ಉಸಿರು ಎರಡಾಗಿ ಕವಲೊಡೆಯುತ್ತದೆ. ಸ್ಪರ್ಮ್ ತಿಮಿಂಗಿಲದ ಒಂದೇ ಹೊಳ್ಳೆ ತಲೆಯ ತುದಿಯಲ್ಲಿ, ಎಡಭಾಗದಲ್ಲಿದೆ; ಹೀಗಾಗಿ ಅದರ ಉಸಿರು ಮುಂದಕ್ಕೂ ಎಡಕ್ಕೂ ಓರೆಯಾಗಿ ಚಿಮ್ಮುತ್ತದೆ, ಇನ್ನಾವ ದೊಡ್ಡ ತಿಮಿಂಗಿಲದ್ದೂ ಹಾಗಿರುವುದಿಲ್ಲ. ಗಾಳಿ ನಿಮ್ಮ ಕಡೆಗಿದ್ದರೆ ಆ ಉಸಿರಿನ ವಾಸನೆಯೂ ಬರುತ್ತದೆ, ಮತ್ತು ಅದು ಹಿತವಾದ ವಾಸನೆಯಲ್ಲ ಎಂದು ಮಗಳಿಗೆ ಮೊದಲೇ ಹೇಳಿಡಬಹುದು.

ಎರಡನೆಯದಾಗಿ, ಉಸಿರಾಟದ ಲಯವನ್ನು ಎಣಿಸಿ. ತಿಮಿಂಗಿಲ ಮೇಲೆದ್ದು ಸಣ್ಣ ಅಂತರಗಳಲ್ಲಿ ಹಲವು ಬಾರಿ ಉಸಿರಾಡುತ್ತದೆ, ಆಮೇಲೆ ಬೆನ್ನನ್ನು ಹೆಚ್ಚು ಬಾಗಿಸಿ ಆಳಕ್ಕೆ ಇಳಿಯುತ್ತದೆ. ಹಂಪ್‌ಬ್ಯಾಕ್‌ಗಳು ಸಾಮಾನ್ಯವಾಗಿ ಐದರಿಂದ ಹದಿನೈದು ನಿಮಿಷ ಮುಳುಗಿರುತ್ತವೆ. ಸ್ಪರ್ಮ್ ತಿಮಿಂಗಿಲ ಸುಮಾರು ಹತ್ತು ನಿಮಿಷ ಮೇಲಿದ್ದು, ಆಮೇಲೆ ಮುಕ್ಕಾಲು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಕಾಣಿಸುವುದಿಲ್ಲ. ಬೆನ್ನು ಕಮಾನಾದದ್ದನ್ನು ಕಂಡ ಕೂಡಲೇ ಕ್ಯಾಮೆರಾ ಎತ್ತಿದರೆ ಬಾಲ ಮೇಲೇಳುವ ಕ್ಷಣ ಸಿಗುತ್ತದೆ. ಬಾಲ ಕಂಡ ಮೇಲೆ ಎತ್ತಿದವರಿಗೆ ಸಿಗುವುದು ಬರಿಯ ನೀರು. ಮುಳುಗಿದ ಜಾಗದಲ್ಲಿ ಬಾಲದ ಬಡಿತದಿಂದ ಎದ್ದ ನೀರು ಮೇಲ್ಮೈಯಲ್ಲಿ ನುಣುಪಾದ ವರ್ತುಲಗಳನ್ನು ಬಿಡುತ್ತದೆ. ಅವುಗಳ ಸಾಲನ್ನು ಗಮನಿಸಿದರೆ ಪ್ರಾಣಿ ಯಾವ ಕಡೆ ಹೊರಟಿದೆ ಎಂದು ತಿಳಿಯುತ್ತದೆ. ಸಮುದ್ರಹಕ್ಕಿಗಳು ಒಂದೇ ಕಡೆ ಗುಂಪುಗೂಡಿ ನೀರಿಗೆ ಎರಗುತ್ತಿದ್ದರೆ ಅಲ್ಲಿ ಮೀನಿನ ಹಿಂಡಿದೆ, ಕೆಳಗೆ ತಿಮಿಂಗಿಲವಿರುವ ಸಾಧ್ಯತೆಯೂ ಇದೆ. ಮಾರ್ಗದರ್ಶಕರು ದಿಕ್ಕನ್ನು ಗಡಿಯಾರದ ಮುಖದಂತೆ ಹೇಳುತ್ತಾರೆ: ದೋಣಿಯ ಮೂತಿ ಹನ್ನೆರಡು, ಬಲಕ್ಕೆ ಮೂರು, ಹಿಂದೆ ಆರು. ಮಗಳಿಗೆ ಇದನ್ನು ಮನೆಯಲ್ಲೇ ಕಲಿಸಿ. ಮಕ್ಕಳ ಚುರುಕಾದ ಕಣ್ಣು ಹಲವೊಮ್ಮೆ ದೊಡ್ಡವರಿಗಿಂತ ಮೊದಲೇ ಗುರುತಿಸುತ್ತದೆ.

ಹಂಪ್‌ಬ್ಯಾಕ್‌ನ ಬಾಲದ ಕೆಳಮೈಯ ಕಪ್ಪು ಬಿಳುಪಿನ ಚಿತ್ತಾರ ಒಂದರಂತೆ ಇನ್ನೊಂದರದು ಇರುವುದಿಲ್ಲ. ವಿಜ್ಞಾನಿಗಳು ದಶಕಗಳಿಂದ ಈ ಚಿತ್ರಗಳನ್ನಿಟ್ಟುಕೊಂಡು ಒಂದೊಂದು ಪ್ರಾಣಿಯ ಪಯಣವನ್ನೂ ಗುರುತಿಸುತ್ತ ಬಂದಿದ್ದಾರೆ, ಮತ್ತು ಹ್ಯಾಪಿವೇಲ್ ಎಂಬ ಜಾಲತಾಣಕ್ಕೆ ಪ್ರವಾಸಿಗರೂ ತಾವು ತೆಗೆದ ಬಾಲದ ಚಿತ್ರವನ್ನು ದಿನಾಂಕ ಮತ್ತು ಜಾಗದೊಂದಿಗೆ ಕಳಿಸಬಹುದು. ನಿಮ್ಮ ಚಿತ್ರದ ಪ್ರಾಣಿ ಬೇರೆ ಸಮುದ್ರದಲ್ಲಿ ಹಿಂದೆ ಕಾಣಿಸಿದ್ದರೆ ಅದೂ ತಿಳಿಯುತ್ತದೆ.

ಬೈನಾಕ್ಯುಲರ್ ತರುವುದಾದರೆ ಏಳು ಅಥವಾ ಎಂಟು ಪಟ್ಟಿನದು ಸಾಕು. ಹತ್ತಕ್ಕಿಂತ ಹೆಚ್ಚಿನದು ತೂಗುವ ದೋಣಿಯಲ್ಲಿ ನಿಲ್ಲುವುದಿಲ್ಲ. ತೀರಕ್ಕಿಂತ ಸಮುದ್ರದ ಮೇಲೆ ಚಳಿ ಹೆಚ್ಚು, ಬಿಸಿಲಿನ ಉರಿಯೂ ಹೆಚ್ಚು. ಇದಕ್ಕೆ ತಕ್ಕ ಬಟ್ಟೆಯಿರಲಿ.

ಅನೇಕ ತೀರಗಳಲ್ಲಿ ಹೊತ್ತೇರಿದಂತೆ ಗಾಳಿ ಬಲಿಯುವುದರಿಂದ ಬೆಳಗಿನ ಮೊದಲ ಪ್ರವಾಸ ಎರಡು ಕಾರಣಕ್ಕೆ ಒಳ್ಳೆಯದು. ಗಾಳಿ ಗಂಟೆಗೆ ಇಪ್ಪತ್ತು ಕಿಲೋಮೀಟರ್ ದಾಟಿತೆಂದರೆ ಸಮುದ್ರದ ತುಂಬ ಬಿಳಿನೊರೆಯ ಅಲೆಗಳೇಳುತ್ತವೆ, ಅವುಗಳ ನಡುವೆ ತಿಮಿಂಗಿಲದ ಉಸಿರನ್ನು ಗುರುತಿಸುವುದು ಅನುಭವಿಗಳಿಗೂ ಕಷ್ಟ. ಅದೇ ಅಲೆಗಳು ನಿಮ್ಮ ಹೊಟ್ಟೆಯನ್ನೂ ಕದಡುತ್ತವೆ. ಒಳಗಿವಿಯ ಸಮತೋಲನ ಅಂಗ ಚಲನೆಯನ್ನು ವರದಿ ಮಾಡುತ್ತಿರುವಾಗ ಕಣ್ಣು ಸ್ಥಿರವಾದ ಕೋಣೆಯನ್ನೋ ಮೊಬೈಲ್ ಪರದೆಯನ್ನೋ ನೋಡುತ್ತಿದ್ದರೆ, ಎರಡರ ಸಂದೇಶ ಹೊಂದದೆ ವಾಕರಿಕೆ ಬರುತ್ತದೆ. ಆದ್ದರಿಂದ ಒಳಗೆ ಹೋಗಿ ಮಲಗಬೇಕೆನಿಸಿದರೂ ಹೊರಗೇ ಇದ್ದು ಕ್ಷಿತಿಜವನ್ನು ನೋಡಿ, ದೋಣಿಯ ನಡುಭಾಗದಲ್ಲಿ, ತೂಗಾಟ ಕಡಿಮೆಯಿರುವ ಕೆಳಗಿನ ಡೆಕ್ಕಿನಲ್ಲಿ ನಿಲ್ಲಿ. ಮೇಲಂತಸ್ತಿನ ನೋಟವನ್ನು ನಾನು ಮೆಚ್ಚಿ ಹೇಳಿದೆನಾದರೂ ಅದು ಹೊಟ್ಟೆ ಗಟ್ಟಿಯಿರುವವರಿಗೆ. ಹಿಂದಿನ ರಾತ್ರಿ ಮದ್ಯ ಬೇಡ, ಬೆಳಿಗ್ಗೆ ಖಾಲಿಹೊಟ್ಟೆಯೂ ಬೇಡ, ಎಣ್ಣೆಯ ತಿಂಡಿಯೂ ಬೇಡ.

ಮಾತ್ರೆಗಳ ವಿಷಯದಲ್ಲಿ ಹೆಚ್ಚಿನವರು ಮಾಡುವ ತಪ್ಪು ವಾಕರಿಕೆ ಆರಂಭವಾದ ಮೇಲೆ ನುಂಗುವುದು. ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್‌ನಂಥ ಔಷಧಿಗಳನ್ನು ಹೊರಡುವುದಕ್ಕೆ ಸುಮಾರು ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಕಿವಿಯ ಹಿಂದೆ ಅಂಟಿಸುವ ಸ್ಕೋಪಲಮೈನ್ ಪಟ್ಟಿಯಾದರೆ ಕನಿಷ್ಠ ನಾಲ್ಕು ಗಂಟೆ ಮೊದಲು. ಇವು ನಿದ್ದೆ ಬರಿಸುತ್ತವೆ, ಆದ್ದರಿಂದ ಆಮೇಲೆ ವಾಹನ ಚಲಾಯಿಸಬಾರದು. ಗ್ಲಾಕೋಮಾ ಇರುವವರು, ಗರ್ಭಿಣಿಯರು, ಬೇರೆ ಔಷಧಿ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಬಳಸಬಾರದು. ಮಗಳಿಗೆ ನಿಮ್ಮ ಮಾತ್ರೆಯನ್ನೇ ಅರ್ಧ ಮಾಡಿ ಕೊಡಬೇಡಿ, ಅವಳ ಪ್ರಮಾಣವನ್ನು ಮಕ್ಕಳ ವೈದ್ಯರೇ ಹೇಳಲಿ.

ಏಳು ವರ್ಷದ ಮಗುವಿಗೆ ಮೂರು ಗಂಟೆ ಮೀರಿದ ಪ್ರವಾಸ ದೀರ್ಘವಾಗುತ್ತದೆ. ಅವಳ ಅಳತೆಯ ಜೀವರಕ್ಷಕ ಜಾಕೆಟ್ ಇದೆಯೇ ಎಂದು ಕಾಯ್ದಿರಿಸುವಾಗಲೇ ಕೇಳಿ. ದೊಡ್ಡವರ ಜಾಕೆಟ್ ಸಣ್ಣ ಮೈಯಿಂದ ನೀರಿನಲ್ಲಿ ಕಳಚಿಕೊಳ್ಳುತ್ತದೆ. ಅಲ್ಲಿ ಎರಡು ಮೂರು ದಿನ ಉಳಿಯುವುದಾದರೆ ದೋಣಿಯನ್ನು ಮೊದಲ ದಿನಕ್ಕೇ ಕಾಯ್ದಿರಿಸಿ, ಹವಾಮಾನ ಕೆಟ್ಟು ರದ್ದಾದರೆ ಮುಂದಿನ ದಿನಗಳು ಕೈಯಲ್ಲಿರುತ್ತವೆ. ರದ್ದು ಮಾಡುವ ಚಾಲಕನ ಮೇಲೆ ಸಿಟ್ಟಾಗಬೇಡಿ. ಎಂಥ ಗಾಳಿಯಲ್ಲೂ ಹೊರಡುವವನಿಗಿಂತ ಅವನು ಮೇಲು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಅಲೆ ನಿಮಗೆ ಒಗ್ಗದು ಎನಿಸಿದರೆ, ದಡದಿಂದಲೇ ನೋಡುವ ದಾರಿಯೂ ಇದೆ, ಮತ್ತು ಅದು ಎರಡನೆಯ ದರ್ಜೆಯದೇನಲ್ಲ. 1955ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಒಂದು ಡಾಲರ್ ಶುಲ್ಕಕ್ಕೆ ಮೊದಲ ತಿಮಿಂಗಿಲ ದೋಣಿ ಪ್ರವಾಸ ಆರಂಭವಾಗುವುದಕ್ಕೂ ಮೊದಲೇ ಅಲ್ಲಿಯ ಜನ ಬೆಟ್ಟದ ಅಂಚಿನಲ್ಲಿ ನಿಂತು ಬೂದು ತಿಮಿಂಗಿಲಗಳನ್ನು ನೋಡುತ್ತಿದ್ದರು. ಹರ್ಮನಸ್‌ನ ಬಂಡೆಗಳ ಮೇಲಿನ ಕಾಲುದಾರಿಯಿಂದ, ಅರ್ಜೆಂಟೀನಾದ ವಾಲ್ಡೆಸ್ ಪರ್ಯಾಯದ್ವೀಪದ ಬಳಿಯ ಕಡಲತೀರದಿಂದ, ದಕ್ಷಿಣ ಆಸ್ಟ್ರೇಲಿಯಾದ ಹೆಡ್ ಆಫ್ ಬೈಟ್‌ನ ವೀಕ್ಷಣಾ ಕಟ್ಟೆಯಿಂದ ರೈಟ್ ತಿಮಿಂಗಿಲಗಳು ಮರಿಗಳೊಂದಿಗೆ ದಡಕ್ಕೆ ಅತಿ ಹತ್ತಿರ ಇರುವುದನ್ನು ಗಂಟೆಗಟ್ಟಲೆ ನೋಡಬಹುದು. ನೀವು ಹೋಗುವ ಊರಿನ ಬಳಿಯೂ ಸಮುದ್ರಕ್ಕೆ ಚಾಚಿದ ಎತ್ತರದ ಭೂಶಿರವಿದ್ದರೆ ಅಲ್ಲಿಂದ ಏನಾದರೂ ಕಾಣಿಸುತ್ತದೆಯೇ ಎಂದು ದೋಣಿಯವರನ್ನೇ ಕೇಳಿ, ಅವರಿಗೆ ತಿಳಿದಿರುತ್ತದೆ. ಗಾಳಿಯಿಲ್ಲದ ಬೆಳಿಗ್ಗೆ, ಸೂರ್ಯ ಬೆನ್ನ ಹಿಂದಿರುವಂತೆ ಕೂತು, ಒಂದೇ ಕಡೆ ದಿಟ್ಟಿಸದೆ ನೀರನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡುತ್ತ ಹೋಗಿ, ಒಂದು ಉಸಿರು ಕಂಡರೆ ಅದೇ ದಿಕ್ಕಿನಲ್ಲಿ ಕನಿಷ್ಠ ಕಾಲು ಗಂಟೆ ಕಾಯಿರಿ.